ಬಾವಿಕಟ್ಟೆಯಲ್ಲಿ ಬಿಟ್ಟುಹೋದ ಕೊಡ

ಡ್ರಮ್ಮಿಗೆ ನೀರು ಬೀಳುವ ಸದ್ದು, ಅದರ ನಡುವೆ ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ ಓದುವ ಒಂದು ಹೆಣ್ಣುದನಿ… ಮೊನ್ನೆ ನಮ್ಮ ಚರ್ಚಿನ ಕನ್ನಡ ಸಭೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಯಾರೋ ಬೈಬಲಿನ ಆಡಿಯೋ ಹಾಕಿದ್ದರು. ಖಾರಘರದ ಮಗಳ ಫ್ಲ್ಯಾಟಿನಲ್ಲಿ ಕೂತು ಕೇಳಿದೆ. ಎಲ್ಲೂ ತಡವರಿಸದ, ಪಾಲಿಶ್ ಹಾಕಿದಂಥ ದನಿ. ಕೇಳುತ್ತ ಕೇಳುತ್ತ ನನ್ನ ಕಿವಿಗೆ ಬಂದದ್ದು ಮಾತ್ರ ತಡವರಿಸುವ ಆ ಹಳೆಯ ದನಿ.

ಆಗ ಡೊಂಬಿವಿಲಿಯ ಚಾಳಿನಲ್ಲಿ ನಮಗೂ ಆ ದನಿಯವಳಿಗೂ ನಡುವೆ ಒಂದೇ ಗೋಡೆ. ಗಂಡನಿಗೆ ರಬಾಳೆಯ ಕಾರ್ಖಾನೆಯಲ್ಲಿ ಕೆಲಸ. ಅವಳು ಊರಿನಲ್ಲಿ ಕಲಿತದ್ದು ಎರಡನೇ ಕ್ಲಾಸು. ಬೆಳಿಗ್ಗೆ ನಳದಲ್ಲಿ ನೀರು ಬಂದಾಗ, ಡ್ರಮ್ಮು ತುಂಬುವವರೆಗೆ ಪಕ್ಕದಲ್ಲಿ ಮಣೆ ಹಾಕಿ ಕೂತು ಬೈಬಲ್ ಓದುತ್ತಿದ್ದಳು. ದೊಡ್ಡದಾಗಿ, ಬೆರಳಿಟ್ಟು.

ನಾನೋ, ಕಾನ್ವೆಂಟಿನವಳು. ಬೈಬಲ್ ಪಾಠಕ್ಕೆ ಮೂರು ಸಲ ಸ್ಕ್ರಿಪ್ಚರ್ ಪ್ರೈಜ್ ತೆಗೆದವಳು. ಚಾರ್ಟ್ ಮಾಡಿ, ದಿನಕ್ಕಿಷ್ಟು ಅಧ್ಯಾಯ ಅಂತ ಟಿಕ್ ಹಾಕಿ, ವರ್ಷಕ್ಕೊಮ್ಮೆ ಇಡೀ ಬೈಬಲ್ ಮುಗಿಸುತ್ತಿದ್ದೆ. ಮುಗಿಸುತ್ತಿದ್ದೆ, ಅಷ್ಟೇ… ಅವಳು ಗೋಡೆಯಾಚೆ ಓದುತ್ತಾ ಓದುತ್ತಾ ಒಮ್ಮೊಮ್ಮೆ ನಗುತ್ತಿದ್ದಳು. ಬೈಬಲ್ ಓದಿ ನಗುವುದೇ! ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಜೊತೆ ಒಂದು ದಿನವೂ ಮಾತಾಡದ ದೇವರು ಅವಳ ಜೊತೆ ಜೋಕ್ ಮಾಡುತ್ತಾನೆಯೇ?

ಒಂದು ದಿನ ಕಾರಿಡಾರಿನಲ್ಲಿ ಬಟ್ಟೆ ಒಣಗಿಸುವಾಗ ಚುಚ್ಚಿಯೇ ಕೇಳಿದೆ. “ಎಂತ ಮಾರಾಯ್ತಿ, ಒಂದು ವಾರದಿಂದ ಅದೇ ಬಾವಿಕಟ್ಟೆಯ ಕಥೆ. ಇನ್ನೂ ಮುಗೀಲಿಲ್ವಾ?”

“ಹೇಗೆ ಮುಗಿಯೂದು ಅಕ್ಕ? ನೀರಿಗೆ ಬಂದ ಆ ಹೆಂಗಸು, ಯೇಸುಸ್ವಾಮಿ ಮಾತಾಡಿಸಿದ್ದೇ ಖುಷಿಯಲ್ಲಿ ಕೊಡ ಬಿಟ್ಟು ಊರಿಗೆ ಓಡಿದಳಲ್ಲ. ಮನೆಯಲ್ಲಿ ನೀರಿಲ್ಲ! ಕೊಡ ತಕ್ಕೊಂಡು ಹೋಗ್ಲಿಕ್ಕೆ ತಿರುಗಿ ಬಂದಳಾ, ಇಲ್ವಾ? ಅದನ್ನು ಬರೀಲೇ ಇಲ್ಲ.”

ನಾನು ಇನ್ನೊಂದು ಬಟ್ಟೆಗೆ ಕ್ಲಿಪ್ ಹಾಕಿದೆ. ಆ ಅಧ್ಯಾಯ ನನಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ಆದರೆ ಆ ಕೊಡ… ನನ್ನ ಕಣ್ಣಿಗೆ ಒಂದು ಸಲವೂ ಬಿದ್ದಿರಲಿಲ್ಲ.

ಮುಂದಿನ ಶುಕ್ರವಾರ ನಮ್ಮಲ್ಲೇ ಮನೆಪ್ರಾರ್ಥನೆ. ಪಾದ್ರಿಗಳು, “ಯಾರಾದರೂ ಬೈಬಲ್ ಓದಿ ಹೊಳೆದ ಒಂದು ಧ್ಯಾನ ಹಂಚಿಕೊಳ್ಳಿ” ಅಂದರು. ನಾನು ಎದ್ದು ಆ ಕೊಡದ ಮಾತು ಹೇಳಿದೆ, ನನ್ನದೇ ಎಂಬಂತೆ. ಚೆಂದದ ಭಾಷೆಯಲ್ಲಿ, ನಡುನಡುವೆ ಇಂಗ್ಲಿಷ್ ಸೇರಿಸಿ. “ಎಷ್ಟು ಆಳವಾಗಿ ಓದಿದ್ದೀರಮ್ಮ!” ಅಂದರು ಪಾದ್ರಿಗಳು. ಅವಳು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಹೌದು ಹೌದು ಅನ್ನುವ ಹಾಗೆ. ಮಾರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಮತ್ತೆ ಅದೇ ಓದು, ಅದೇ ನಗು. ಸಿಟ್ಟು ಮಾಡಿಕೊಂಡು ಅವಳು ಸುಮ್ಮನಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ಅವಳೂ ಗಂಡನೂ ವಿಠ್ಠಲವಾಡಿಗೆ ಮನೆ ಬದಲಿಸಿದರು. ವರ್ಷಗಳು ಕಳೆದು, ಸಕ್ಕರೆ ಕಾಯಿಲೆಯಲ್ಲಿ ಅವಳ ಕಣ್ಣು ಹೋಯಿತೆಂದು ಸಭೆಯಲ್ಲಿ ಯಾರೋ ಹೇಳಿದ ಮೇಲೆ ನಾನು ನೋಡಲು ಹೋದೆ. ಹಾಸಿಗೆಯ ಪಕ್ಕದಲ್ಲಿ ಅದೇ ಬೈಬಲ್, ನೀರು ಬಿದ್ದು ಉಬ್ಬಿದ ಪುಟಗಳು. ಅಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಹೇಳಿಬಿಟ್ಟೆ. “ಆ ಕೊಡದ ಮಾತು ನಿನ್ನದು. ಅವತ್ತು ನಾನು ನನ್ನದು ಅಂತ ಹೇಳಿದೆ.”

“ಕೊಡ ನನ್ನದಾ ಅಕ್ಕ?” ಅವಳು ನಕ್ಕಳು. “ಅದು ಅವಳದ್ದು. ಓದಿ, ಕೇಳುವ.”

ಓದಿದೆ. ಎರಡೇ ನಿಮಿಷದಲ್ಲಿ ಅವಳ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. “ನಿಧಾನ ಅಕ್ಕ. ಅವಳಿನ್ನೂ ಕೊಡ ಕೆಳಗಿಡಲಿಲ್ಲ, ನೀವಾಗಲೇ ಊರು ಮುಟ್ಟಿದ್ರಿ.”

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಬೆರಳಿಟ್ಟು.

ಆ ವರ್ಷವೇ ಅವಳು ತೀರಿಹೋದಳು… ಮೊನ್ನೆ ಆ ಆಡಿಯೋ ನಿಲ್ಲಿಸಿ ನಾನೇ ಬೆರಳಿಟ್ಟು ಓದಿ ನೋಡಿದೆ. ನಗು ಬರಲಿಲ್ಲ. ಹೊಟ್ಟೆಕಿಚ್ಚು ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ? ಅವತ್ತು ವಿಠ್ಠಲವಾಡಿಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಿದ್ದೆ. ನಾನು ಓದು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಮಾತ್ರ ಇನ್ನೂ ಅಲುಗುತ್ತಿತ್ತು, ಒಂದೊಂದೇ ಅಕ್ಷರ.