ವಸಡಿನ ಬಣ್ಣದ ಬಸ್ಸು

ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಮುಂದಿನ ಎರಡು ಹಲ್ಲು ಮುರಿದವು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣವಿದೆ. ಶಾಲೆಯಲ್ಲಿ ನಾನು ಹೇಳಬೇಕಿದ್ದ ಮೊದಲ ಪಾಠಕ್ಕೆ ಮುಟ್ಟುತ್ತೇನೋ ಇಲ್ಲವೋ ಎಂದು ಆಗ ತಾನೇ ಗಡಿಯಾರ ನೋಡಿ ತಲೆ ಎತ್ತಿದ್ದೆ. ಮುಳಬಾಗಿಲಿನಿಂದ ಕೋಲಾರಕ್ಕೆ ಬರುತ್ತಿದ್ದ ಬಸ್ಸು ಕೆರೆ ಏರಿಯ ತಿರುವಿನಲ್ಲಿ ಬಲಕ್ಕೆ ನುಗ್ಗಿ, ಹುಣಸೆಮರಕ್ಕೆ ಬಡಿದು, ಬಲಗಡೆಯ ಚಕ್ರಗಳು ಏರಿಯಾಚೆ ಗಾಳಿಯಲ್ಲಿ ತೂಗುವಂತೆ ನಿಂತಿತು. ಡ್ರೈವರ್ ಹಿಂದಿನ ಸಾಲಿನಲ್ಲಿದ್ದ ನನ್ನ ಕಿಟಕಿಯ ಕೆಳಗೆ ನೇರ ನೀರು. "ಯಾರೂ ಅಲ್ಲಾಡಬೇಡ್ರೋ" ಎಂದು ಯಾರೋ ಕೂಗಿದರು. ಎಡಗಡೆಯ ಬಾಗಿಲಿನಿಂದ ಒಬ್ಬೊಬ್ಬರೇ ಇಳಿಯುವಷ್ಟು ಹೊತ್ತೂ, ಬಾಯಲ್ಲಿದ್ದ ಹಲ್ಲಿನ ಚೂರನ್ನು ಉಗುಳಲೂ ಹೆದರಿ ಕೂತಿದ್ದೆ. ಮುಂದೆ ಕೂತಿದ್ದ ರೈತರೊಬ್ಬರು ತಗಡಿನ ನಡುವೆ ಸಿಕ್ಕಿ ಕಾಲು ಕಳೆದುಕೊಂಡರು.

ಆ ಜಾಗಕ್ಕೆ ಬೇರೆ ಹಲ್ಲು ಕೂರಿಸಿದವರು ಕೋಲಾರದ ಒಂದು ಓಣಿಯಲ್ಲಿ ಹಲ್ಲಿನ ಸೆಟ್ಟು ಕಟ್ಟುತ್ತಿದ್ದ ಯಜಮಾನರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅವರು ಡಾಕ್ಟರಲ್ಲ. ಡಾಕ್ಟರೊಬ್ಬರ ಕೈಕೆಳಗೆ ಕಲಿತವರು. ನನ್ನ ಬಾಯೊಳಗೆ ಬಂದ ಅವರ ಬೆರಳುಗಳೇ ನನಗೆ ಮೊದಲು ಕಂಡದ್ದು: ಉಗುರಿನ ಸಂದಿಯಲ್ಲೆಲ್ಲ ನಸುಗೆಂಪು ಪುಡಿ. ಕೃತಕ ವಸಡು ಮಾಡುವ ಪುಡಿ ಅದು. ಎಷ್ಟು ತೊಳೆದರೂ ಹೋಗದು. ಮದುವೆಮನೆಗಳಲ್ಲಿ ಅವರ ಪಕ್ಕ ಊಟಕ್ಕೆ ಕೂತವರು ಎಲೆ ಸ್ವಲ್ಪ ಆಚೆ ಎಳೆದುಕೊಳ್ಳುತ್ತಿದ್ದರಂತೆ.

ಅಂಗಡಿಯ ಗೋಡೆಗೆ ಗಾಜಿನ ಬೀರು. ಅದರಲ್ಲಿ ಊರಿನವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಹಲ್ಲು ಕಿಸಿದುಕೊಂಡು ಕೂತಿದ್ದವು. ಅವುಗಳ ನಡುನಡುವೆ ಕಾರುಗಳು! ಅಂಗೈ ಮೇಲೆ ನಿಲ್ಲುವ ಕಾರು, ಜೀಪು, ರೇಷ್ಮೆಗೂಡು ಹೇರಿದ ವ್ಯಾನು. ಬಾಯಿ ತುಂಬ ಅಚ್ಚಿನ ಮೇಣ ಕಚ್ಚಿಕೊಂಡು ಮಾತಾಡಲಾಗದೆ ನಾನು ಅತ್ತ ಬೆರಳು ತೋರಿಸಿದೆ.

"ಅದಾ? ಅದು ನನ್ನ ಹುಚ್ಚು ಮೇಷ್ಟ್ರೇ. ಕಚ್ಚಿಕೊಂಡೇ ಇರಿ, ಹೇಳ್ತೀನಿ."

ಚಿನ್ನದ ಗಣಿಯಲ್ಲಿದ್ದ ಆಂಗ್ಲೋ ಇಂಡಿಯನ್ ಮನೆಯವರು ಊರು ಬಿಟ್ಟು ಹೋಗುವಾಗ ಮಕ್ಕಳ ಮುರಿದ ಆಟಿಕೆಗಳನ್ನು ಗುಜರಿಗೆ ಹಾಕುತ್ತಿದ್ದರು. ಆ ಗುಜರಿ ಅಂಗಡಿಗೆ ಇವರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಒಂದು ವಿಲಾಯಿತಿ ಕಾರಿನ ಮೂತಿ, ಇನ್ನೊಂದರ ಬೆನ್ನು, ಮೂರನೆಯದರ ಬಾಗಿಲು ಕತ್ತರಿಸಿ ಜೋಡಿಸಿದರೆ ನಮ್ಮ ಊರಿನ ಟ್ಯಾಕ್ಸಿ ಆಗುತ್ತಿತ್ತು. ಸಂದು ಮುಚ್ಚಲು ವಸಡಿನ ಪುಡಿ. ಟೈರಿಗೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆ. ಮುಂದಿನ ಗಾಜಿಗೆ ಎಕ್ಸ್‌ರೇ ಹಾಳೆ: ಬಿಸಿನೀರು, ಸೋಡಾದಲ್ಲಿ ನೆನೆಸಿ ಉಜ್ಜಿದರೆ ಯಾರದೋ ಎದೆಗೂಡು ಅಳಿಸಿ ಹೋಗಿ ಹಾಳೆ ತಿಳಿಯಾಗುತ್ತದೆ. ಮೇಲೆ ಯಾವ ಬಣ್ಣ ಬಳಿದಿದ್ದರೂ ಕಾರನ್ನು ತಿರುಗಿಸಿ ನೋಡಿದರೆ ಹೊಟ್ಟೆ ಮಾತ್ರ ವಸಡಿನ ಬಣ್ಣ.

"ಊರೋರ ಬಾಯಿಗೆಲ್ಲ ಹಲ್ಲು ಹಾಕ್ತಾರೆ, ಮನೆ ಬಾಗಿಲಿಗೊಂದು ಚಿಲಕ ಹಾಕಿ ಅಂದ್ರೆ ಪುರುಸೊತ್ತಿಲ್ಲ" ಎಂದು ಕಾಫಿ ತಂದ ಅವರ ಹೆಂಡತಿ ನನಗೆ ದೂರು ಕೊಟ್ಟರು.

"ಚಿಲಕ ಎಲ್ಲಾ ಅಂಗಡೀಲೂ ಸಿಗುತ್ತೆ ಕಣೇ. ಜೀಪಿನ ಬಾಗಿಲು ಸಿಗುತ್ತಾ?" ಎಂದರು ಇವರು.

ಎರಡನೆಯ ಸಲ ಹೋದಾಗ ನನ್ನ ಹಲ್ಲಿನ ಬುಡವನ್ನು ಪುಟ್ಟ ಕನ್ನಡಿಯಿಂದ ಬಹಳ ಹೊತ್ತು ನೋಡಿದರು. "ಒಂದು ಕೇಳ್ಲಾ ಮೇಷ್ಟ್ರೇ? ಬಸ್ಸು ಬಡಿದಾಗ ಏನು ನೋಡ್ತಿದ್ರಿ?"

"ಡ್ರೈವರನ್ನ. ಅವನು ಹಿಂದಕ್ಕೆ ತಿರುಗಿ ಯಾರ ಜೊತೆಗೋ ನಗ್ತಾ ಇದ್ದ. ಅದಕ್ಕೇ ಬಸ್ಸು ಬಲಕ್ಕೆ ಹೋಯ್ತು. ಪೊಲೀಸರಿಗೂ ಹೇಳಿದೀನಿ."

ಹೇಳಿದ್ದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್, "ಇವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಸಾರ್. ಓದಿದೋರು ನೀವು, ನೀವು ಹೇಳಿ" ಎಂದಿದ್ದರು. ನಾನು ಬಿ.ಎಸ್ಸಿ. ಮಾಡಿದವನು, ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವನು. ಆ ಮಾತು ನನಗೆ ಹಿತವಾಗಿತ್ತು. ಡ್ರೈವರ್ ಜಾಮೀನಿನ ಮೇಲಿದ್ದ. ಲೈಸೆನ್ಸು ಪೊಲೀಸರ ಕೈಲಿತ್ತು. ನನ್ನ ಸಾಕ್ಷಿ ನಿಂತರೆ ಅವನಿಗೆ ಜೈಲು. ಅದು ನ್ಯಾಯವೇ ಎಂದುಕೊಂಡಿದ್ದೆ. ಆದರೂ ಪ್ರತಿ ರಾತ್ರಿ ಆ ತಿರುವಿನಲ್ಲಿ ನನಗೆ ಎಚ್ಚರವಾಗುತ್ತಿತ್ತು. ಕನಸಿನಲ್ಲಿ ಡ್ರೈವರ್ ಹಿಂದಕ್ಕೆ ತಿರುಗುತ್ತಿದ್ದ. ಅವನಿಗೆ ಮುಖವೇ ಇರುತ್ತಿರಲಿಲ್ಲ.

ಯಜಮಾನರು ಕನ್ನಡಿ ಕೆಳಗಿಟ್ಟರು. "ಡ್ರೈವರ್ ನಿಮ್ಮ ಎದುರಿಗೇ ಅಲ್ವಾ ಕೂರೋದು? ಅವನನ್ನ ನೋಡ್ತಿದ್ದಿದ್ರೆ ಮುಂದಿನ ಸೀಟಿನ ಕಂಬಿ ನೇರ ಬಡೀಬೇಕಿತ್ತು. ನಿಮಗೆ ಏಟು ಬಿದ್ದಿರೋದು ಬಲಗಡೆಯಿಂದ, ಓರೆಯಾಗಿ. ನಿಮ್ಮ ಮುಖ ಎಡಕ್ಕೆ ತಿರುಗಿತ್ತು."

"ಬಡಿಯೋವಾಗ ತಿರುಗಿರಬಹುದು."

"ಇರಬಹುದು" ಎಂದರು. ವಾದ ಮಾಡುವವರೇ ಅಲ್ಲ. ಆದರೆ ಅವರ ಕಣ್ಣಿಗೆ ಒಂದು ಹೊಳಪು ಬಂದಿತ್ತು. "ಆ ಬಸ್ಸು ಈಗೆಲ್ಲಿದೆ?"

ಪೊಲೀಸ್ ಠಾಣೆಯ ಅಂಗಳದಲ್ಲಿತ್ತು. ಮರುದಿನವೇ ದಾರದ ಉಂಡೆ ಹಿಡಿದು ಅಳೆಯಲು ಹೋದರು. ಕಾವಲಿನವನು ಗದರಿದನಂತೆ. ಅವನ ತಾಯಿಯ ಸೆಟ್ಟು ಕಟ್ಟಿದವರು ಇವರೇ ಎಂದು ಗೊತ್ತಾಗಿ ಆಮೇಲೆ ದಾರದ ಇನ್ನೊಂದು ತುದಿ ತಾನೇ ಹಿಡಿದುಕೊಂಡನಂತೆ.

ನನ್ನ ಹಲ್ಲು ತಿಂಗಳಲ್ಲಿ ಸಿದ್ಧವಾಯಿತು. ಬಸ್ಸಿಗೆ ಮೂರು ತಿಂಗಳು ಹಿಡಿಯಿತು. ನಿಜದ ಒಂದು ಅಡಿಗೆ ಅವರದು ಕಾಲಂಗುಲ. ಎರಡಂತಸ್ತಿನ ವಿಲಾಯಿತಿ ಬಸ್ಸೊಂದರ ಮೇಲಂತಸ್ತು ಕತ್ತರಿಸಿ, ಹಾಲಿನ ವ್ಯಾನಿನ ಮೂತಿ ಅಂಟಿಸಿದರು. ಕಿಟಕಿಯ ಕಂಬಿಗೆ ಹಲ್ಲಿನ ಕೊಕ್ಕೆ ಮಾಡುವ ತಂತಿ. ಡ್ರೈವರ್ ಬೆನ್ನ ಹಿಂದಿನ ಅಡ್ಡ ತಗಡಿಗೆ ಪೌಡರ್ ಡಬ್ಬಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಹೋಗಿ ಕೂರುತ್ತಿದ್ದೆ. ಬಸ್ಸೆಂದರೆ ಹೆದರಿಕೆ ಹುಟ್ಟಿ ಕೋಲಾರದಲ್ಲೇ ಕೋಣೆ ಹಿಡಿದಿದ್ದವನಿಗೆ, ಗೇಣುದ್ದದ ಬಸ್ಸನ್ನು ಮಾತ್ರ ಎಷ್ಟು ನೋಡಿದರೂ ಸಾಲದು. "ಬಾನೆಟ್ಟಿನ ಮೇಲೆ ಯಾರಾದರೂ ಕೂತಿದ್ರಾ? ನಿಮ್ಮ ಮುಂದೆ ಕೂತವರು ಎತ್ತರದವರೋ ಕುಳ್ಳರೋ?" ಎಂದು ಕೇಳುತ್ತಲೇ ಇರುತ್ತಿದ್ದರು. ಗೊತ್ತಿಲ್ಲ ಎಂದರೆ ಬೇಸರವಿಲ್ಲ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಿಡಬೇಕು ಮೇಷ್ಟ್ರೇ. ಊಹೆಯಿಂದ ತುಂಬಿದ್ರೆ ಸರಿಯಾಗಿ ಕಚ್ಚಲ್ಲ" ಎನ್ನುವರು. ಸೆಟ್ಟು ಕಟ್ಟುವಾಗಲೂ ಅವರದು ಅದೇ ಮಾತು.

ಬಸ್ಸು ಮುಗಿದ ದಿನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ತಿರುವು ಬರೆದು, ಅದರ ಮೇಲೆ ಬಸ್ಸು ನಿಲ್ಲಿಸಿದರು. ಚಾವಣಿ ಡಬ್ಬಿಯ ಮುಚ್ಚಳದಂತೆ ಬಿಚ್ಚಿತು. ಬಾಯೊಳಗೆ ಇಡುವ ಕನ್ನಡಿಯನ್ನೇ ನನ್ನ ಸೀಟಿನ ಮೇಲೆ, ನನ್ನ ತಲೆ ಇರಬೇಕಾದ ಎತ್ತರಕ್ಕೆ, ಓರೆಯಾಗಿ ಹಿಡಿದರು. "ಇದಿ ಚೂಡಂಡಿ" ಎಂದರು. ಮನಸ್ಸು ಅಲ್ಲಾಡಿದಾಗ ಅವರ ಬಾಯಿಗೆ ಮನೆಮಾತಾದ ತೆಲುಗು ಬರುತ್ತಿತ್ತು. "ನಿಮ್ಮ ಸೀಟಿಂದ ನೋಡಿ."

ಬಗ್ಗಿ ನೋಡಿದೆ. ಕನ್ನಡಿಯ ತುಂಬ ಪೌಡರ್ ಡಬ್ಬಿಯ ತಗಡು. ಡ್ರೈವರ್ ಇಲ್ಲ. ತಲೆಯ ಒಂದು ಕೂದಲೂ ಕಾಣುವಂತಿಲ್ಲ. ಅವನು ತಿರುಗಿದ್ದು, ನಕ್ಕದ್ದು ಯಾವುದೂ ಆ ಸೀಟಿಗೆ ಕಾಣುವುದು ಸಾಧ್ಯವೇ ಇರಲಿಲ್ಲ. ಹಾಗಾದರೆ ಆ ನಗು ಎಲ್ಲಿಂದ ಬಂತು? ಆಸ್ಪತ್ರೆಯಲ್ಲಿ ಪಕ್ಕದ ಮಂಚದವರು ಎರಡು ದಿನ ಬೈಯುತ್ತಿದ್ದದ್ದು ನೆನಪಾಯಿತು: "ಬಡ್ಡೀಮಗ, ಹಲ್ಲು ಕಿರಿದುಕೊಂಡು ಹಿಂದೆ ನೋಡ್ತಿದ್ದಿರಬೇಕು." ಮೂರನೆಯ ದಿನ ಪೊಲೀಸರಿಗೆ ಅದನ್ನೇ ನಾನು ಕಂಡದ್ದೆಂದು ಹೇಳಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

"ನೀವೂ ನನ್ನ ಹಾಗೇ ಮಾಡಿದೀರಿ ಮೇಷ್ಟ್ರೇ" ಎಂದರು ಅವರು, ಮೆಲ್ಲಗೆ. "ಮೂತಿ ನಿಮ್ಮದು, ಬೆನ್ನು ಬೇರೆಯವರದು. ನಾನು ಆಟಕ್ಕೆ ಮಾಡ್ತೀನಿ. ಈಗ ಎಡಕ್ಕೆ ತಿರುಗಿಸ್ತೀನಿ, ಹಲ್ಲು ಹೇಳಿದ ಕಡೆಗೆ. ಏನೂ ಹೇಳಬೇಡಿ, ಸುಮ್ಮನೆ ನೋಡಿ."

ಕನ್ನಡಿ ಕೂದಲೆಳೆಯಷ್ಟು ತಿರುಗಿತು. ತಗಡಿನ ಅಂಚು, ಬಾನೆಟ್ಟು, ಮುಂದಿನ ಗಾಜಿನ ಎಡ ಮೂಲೆ, ಸೀಮೆಸುಣ್ಣದ ರಸ್ತೆಯ ಎಡ ಅಂಚು. ಅಷ್ಟೇ. ಆ ಖಾಲಿ ಮೂಲೆಗೆ ಬೆರಳು ತೋರಿಸಿದೆ.

"ಅಲ್ಲೊಂದು ಪೊದೆ ಇತ್ತು" ಎಂದೆ. "ಹಸಿರು ಪೊದೆ. ನಡೀತಾ ಇತ್ತು."

"ಪೊದೆ ನಡೀತಾ ಇತ್ತಾ?"

"ಹುಚ್ಚು ಅನ್ಸುತ್ತೆ, ಗೊತ್ತು. ಆದರೆ ರಸ್ತೆಗೆ ಅಡ್ಡ ಬಂತು."

ಅವರು ನಗಲಿಲ್ಲ. ರೇಷ್ಮೆಯ ಸೀಮೆಯಲ್ಲಿ ಹುಟ್ಟಿದವರಿಗೆ ನಡೆಯುವ ಪೊದೆ ಏನೆಂದು ಹೇಳಿಕೊಡಬೇಕಾಗಿಲ್ಲ. ಸೈಕಲ್ಲಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಹೊರೆಯ ಹಿಂದೆ ಮನುಷ್ಯ ಕಾಣುವುದಿಲ್ಲ.

ಸೋಮವಾರ ಡ್ರೈವರನ ವಕೀಲರ ಮನೆ ಹುಡುಕಿಕೊಂಡು ಹೋದೆ. ಅವರು ಫೈಲು ತೆಗೆದು ಡ್ರೈವರ್ ಮೊದಲ ದಿನವೇ ಹೇಳಿದ್ದನ್ನು ಓದಿದರು: ಸೊಪ್ಪಿನ ಸೈಕಲ್ಲಿನವನು ಎಡಗಡೆಯಿಂದ ಅಡ್ಡ ಬಂದ, ಅವನನ್ನು ಉಳಿಸಲು ಬಲಕ್ಕೆ ಎಳೆದೆ, ಅವನು ಓಡಿಹೋದ. ಅದನ್ನು ಯಾರೂ ನಂಬಿರಲಿಲ್ಲ. ಓದಿದವರು ಬೇರೆ ಹೇಳಿದ್ದಾರಲ್ಲ!

ಕೋರ್ಟಿನಲ್ಲಿ ನಿಜ ಹೇಳಿದೆ. "ಅಂದು ಹೇಳಿದ್ದು ಸುಳ್ಳೋ, ಇಂದು ಹೇಳ್ತಿರೋದು ಸುಳ್ಳೋ? ನಿಮಗೆಷ್ಟು ಸಿಕ್ತು ಮೇಷ್ಟ್ರೇ?" ಎಂದು ಸರ್ಕಾರಿ ವಕೀಲರು ಕೇಳಿದರು. ಹಿಂದೆ ಕೂತವರು ನಕ್ಕರು. ನನ್ನ ವಿದ್ಯಾರ್ಥಿಗಳ ತಂದೆಯರೂ ಅವರಲ್ಲಿದ್ದರು. ಯಾವ ಸೀಟು, ಎದುರಿಗೆ ಏನು, ಎಂದಷ್ಟೇ ಹೇಳಿದೆ. ನ್ಯಾಯಾಧೀಶರು ಠಾಣೆಗೆ ಹೋಗಿ ಆ ಸೀಟಿನಲ್ಲಿ ತಾವೇ ಕೂತು ನೋಡಿದರು. ಡ್ರೈವರ್ ಬಿಡುಗಡೆಯಾದ.

ಓಡಿಬಂದು ಯಜಮಾನರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಆ ಸೊಪ್ಪಿನವನು ಸೈಕಲ್ ಮೇಲೆ ಕೂತಿದ್ದನಾ, ತಳ್ಕೊಂಡು ಬರ್ತಿದ್ದನಾ?"

ಗೊತ್ತಿಲ್ಲ ಎಂದೆ. ಬಿಟ್ಟರು, ತುಂಬಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಅವರ ಹೆಂಡತಿ, "ಇದು ನಿಮ್ಮದೇ ಅಂತಿದ್ರು" ಎಂದು ಬಸ್ಸನ್ನು ನನಗೆ ಕೊಟ್ಟರು. ಜೊತೆಗೊಂದು ಪುಟ್ಟ ಸೈಕಲ್ಲು, ಅದರ ಮೇಲೆ ಹಸಿರು ಹೊರೆ. ಮನುಷ್ಯನಿಲ್ಲ. ಆ ಬಸ್ಸು ಈಗಲೂ ನನ್ನ ಮೇಜಿನ ಮೇಲಿದೆ. ಯಾರ ಮೇಲಾದರೂ ಕೋಪ ಬಂದು "ನಾನೇ ಕಣ್ಣಾರೆ ಕಂಡೆ" ಎನ್ನುವ ಮೊದಲು ಚಾವಣಿ ಬಿಚ್ಚಿ ಒಮ್ಮೆ ನೋಡುತ್ತೇನೆ.

ಹಲ್ಲು ಕೊಟ್ಟ ದಿನ ಅವರೊಂದು ಮಾತು ಹೇಳಿದ್ದರು: "ರಾತ್ರಿ ಬಿಚ್ಚಿ ನೀರಲ್ಲಿಡಿ. ವಸಡಿಗೂ ನಿದ್ದೆ ಬೇಕು." ನಾನು ಬಿಚ್ಚುತ್ತಿರಲಿಲ್ಲ. ಎಚ್ಚರವಾದಾಗ ನಾಲಿಗೆ ಆ ಖಾಲಿ ಜಾಗಕ್ಕೆ ಹೋದರೆ ಮತ್ತೆ ಆ ಬಸ್ಸಿನಲ್ಲೇ ಇದ್ದೇನೆ ಅನಿಸುವ ಭಯ. ಕೇಸು ಮುಗಿದ ಮೇಲೂ ಹಾಗೇ ಇತ್ತು. ಒಂದು ಭಾನುವಾರ ಮುಳಬಾಗಿಲಿನ ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಟ್ಟು ನಿಂತುಬಿಟ್ಟಿದ್ದೆ. ಒಳಗೆ ಅದೇ ಡ್ರೈವರ್. ನನ್ನ ಗುರುತು ಹಿಡಿದ. ಬೈಯುತ್ತಾನೇನೋ ಅಂದುಕೊಂಡೆ. ತನ್ನ ಎಡಗಡೆಯ ಸೀಟಿನ ಮೇಲಿದ್ದ ಟವೆಲ್ಲು ತೆಗೆದ.

"ಹಿಂದೆ ಬೇಡ ಸಾರ್, ಇಲ್ಲಿ ಕೂತ್ಕೊಳಿ. ಎಲ್ಲಾ ಕಾಣುತ್ತೆ."

ಎಲ್ಲಾ ಕಂಡಿತು. ಏರಿ, ತಿರುವು, ತೊಗಟೆ ಕಿತ್ತ ಹುಣಸೆಮರ, ನೀರು. ಅಲ್ಲಿ ಅವನು ವೇಗ ಇಳಿಸಿದ.

ಆ ರಾತ್ರಿ ಹಲ್ಲು ಬಿಚ್ಚಿ ಬಟ್ಟಲಿನ ನೀರಿಗೆ ಹಾಕಿ ಮಲಗಿದೆ. ಕಣ್ಣು ಬಿಟ್ಟಾಗ ಬಟ್ಟಲಿನ ಮೇಲೆ ಬಿಸಿಲು ಬಿದ್ದಿತ್ತು.