ಮಾವನ ಪಿಕಪ್ಪಿನ ಮೂಲಪಾಠ

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಗೇರು, ಕ್ಲಚ್ಚು, ರೇಡಿಯೇಟರು ಎಂದು ಮಾತಾಡತೊಡಗಿದಾಗ ನೀವು ನನ್ನನ್ನು ದೊಡ್ಡ ಜಾಣನೆಂದು ತಿಳಿದೀರಿ. ಸೈಕಲ್ಲನ್ನು ಸಹ ನಾನು ಹತ್ತಿ ತುಳಿದದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚು. ಇಂಥ ನಾನು ಎಂಬತ್ತರ ದಶಕದ ಮೊದಲಲ್ಲಿ, ಹೊನ್ನಾಳಿಯ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡಿದ್ದವನು, ಒಂದು ಮುದಿ ಪಿಕಪ್ ಗಾಡಿಯನ್ನು ಅದರ ಹುಟ್ಟುರೂಪಕ್ಕೆ ತರುತ್ತೇನೆಂದು ಹೊರಟೆ.

"ಈಜು ಬರದವ್ರು ದೋಣಿ ಕಟ್ಟಿದಂಗಾತು" ಎಂದಳು ನನ್ನ ಹೆಂಡತಿ ಗಿರಿಜೆ. ಆಮೇಲೆ ತಾನೇ ಸ್ವಲ್ಪ ಯೋಚಿಸಿ, "ಅಂಥವ್ರೇ ಗಟ್ಟಿಯಾಗಿ ಕಟ್ತಾರೆ ಬಿಡ್ರಿ" ಎಂದು ಸೇರಿಸಿದಳು. ಅವಳ ಮಾತು ಯಾವಾಗಲೂ ಹಾಗೆ, ಹೊಡೆದ ಕೈಯಲ್ಲೇ ಸವರುತ್ತದೆ.

ಗಾಡಿ ನನ್ನ ಸೋದರಮಾವನದು. ಮಾವ ಜಗಳೂರಿನವರು. ನಾವು ಚನ್ನಗಿರಿಯಲ್ಲಿದ್ದೆವು. ನನಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ಅಪ್ಪ ತೀರಿಕೊಂಡರು. ತಿಥಿ ಮುಗಿದ ಮೇಲೆ ಮಾವ ಈ ಪಿಕಪ್ಪು ತಂದು ಬಾಗಿಲ ಮುಂದೆ ನಿಲ್ಲಿಸಿದರು. ನಮ್ಮ ಪಾತ್ರೆ ಪಡಗ, ಬೀಸುವ ಕಲ್ಲು, ಒಂದು ಎಮ್ಮೆ, ಅವ್ವ, ನಾನು ಎಲ್ಲವನ್ನೂ ಒಂದೇ ಸಲಕ್ಕೆ ಹೇರಿಕೊಂಡು ತಮ್ಮ ಊರಿಗೆ ಹೋದರು. ಎಮ್ಮೆ ಹಿಂದೆ, ನಾವು ಮುಂದೆ. ಅಲ್ಲಿಂದ ಮುಂದೆ ನನ್ನ ಶಾಲೆ, ದಾವಣಗೆರೆಯ ಹಾಸ್ಟೆಲ್ಲು, ಅಲ್ಲಿಗೆ ವಾರವಾರ ಬರುತ್ತಿದ್ದ ಖಡಕ್ ರೊಟ್ಟಿಯ ಗಂಟು, ಎಲ್ಲವೂ ಈ ಗಾಡಿಯಲ್ಲೇ ಬಂದವು. ಶೇಂಗಾ, ಈರುಳ್ಳಿಯ ಮೂಟೆಗಳ ನಡುವೆ ನನ್ನ ಓದೂ ಒಂದು ಮೂಟೆಯಾಗಿ ದಡ ಸೇರಿತು.

ಇಂಥ ಮಾವನಿಗೆ ಕೃತಜ್ಞತೆ ಹೇಳುವುದು ಬಲು ಕಷ್ಟ. ನಾನು ಗಂಟಲು ಸರಿಮಾಡಿಕೊಂಡು "ಮಾವ, ನೀವು ಇಲ್ದಿದ್ರೆ..." ಎಂದು ಶುರುಮಾಡಿದರೆ ಸಾಕು, "ಉಂಡ್ಯಾ?" ಎಂದು ಕೇಳಿ ಎದ್ದುಹೋಗುತ್ತಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಾದರೂ ಮಾಡಿ ತೋರಿಸೋಣ ಎಂದುಕೊಂಡೆ. ಆ ಹೊತ್ತಿಗೆ ಮಾವ ಹೊಸ ಟೆಂಪೋ ಕೊಂಡಿದ್ದರು. ಪಿಕಪ್ಪು ಹಿತ್ತಲ ಬೇವಿನ ಮರದಡಿ ನಿಂತು, ಅದರ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಗಾಡಿ ಕೊಡಿ ಎಂದು ಕೇಳಿದೆ. "ತಗಂಡು ಹೋಗು. ಕೋಳಿ ಮಾತ್ರ ಇಳ್ಸಿ ಹೋಗು" ಎಂದರು. ಅದನ್ನೊಂದು ಲಾರಿಯ ಬಾಲಕ್ಕೆ ಕಟ್ಟಿ ದಾವಣಗೆರೆಯ ಮೇಲೆ ಹೊನ್ನಾಳಿಗೆ ಎಳೆದು ತಂದೆವು. ತುಂಗಭದ್ರೆಯ ಸೇತುವೆಯ ಮೇಲೆ ಬರುವಾಗ ಸೀಟಿನ ಸಂದಿಯಿಂದ ಒಂದು ಮೊಟ್ಟೆ ಉರುಳಿ ನನ್ನ ಮಡಿಲಿಗೆ ಬಿತ್ತು. ಶುಭಶಕುನವೆಂದೇ ತಿಳಿದೆ.

ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದ ಮಹಬೂಬ್ ಸಾಬರು ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಒರಿಜಿನಲ್ ಮಾಡ್ಬೇಕು ಅಂತೀರಿ. ಓಡೋ ಅಷ್ಟು ಒರಿಜಿನಲ್ಲಾ, ನೋಡೋ ಅಷ್ಟು ಒರಿಜಿನಲ್ಲಾ?"

"ಎರಡೂ" ಎಂದೆ.

"ಹಂಗಾದ್ರೆ ಮದ್ಲು ಚಾ ತರಿಸ್ರಿ ಮೇಷ್ಟ್ರೇ" ಎಂದು ಕುಳಿತರು.

ಹಳಗನ್ನಡ ಮೇಷ್ಟರಿಗೆ ಒಂದು ರೋಗವಿದೆ. ಓಲೆಗರಿಯ ಕಾವ್ಯವನ್ನು ಸಂಪಾದಿಸುವಾಗ, ಪ್ರತಿ ಮಾಡಿದವರು ತಮ್ಮ ಖುಷಿಗೆ ಸೇರಿಸಿದ ಪದ್ಯಗಳನ್ನೆಲ್ಲ 'ಪ್ರಕ್ಷಿಪ್ತ' ಎಂದು ಹೊರಗೆ ಹಾಕಿ, ಕವಿ ಬರೆದದ್ದಷ್ಟನ್ನೇ ಮೂಲಪಾಠವೆಂದು ಉಳಿಸುತ್ತಾರೆ. ನಾನು ಪಿಕಪ್ಪನ್ನೂ ಹಾಗೇ ಓದತೊಡಗಿದೆ. ನೆತ್ತಿಯ ಮೇಲಿನ ಕ್ಯಾರಿಯರ್ ಪ್ರಕ್ಷಿಪ್ತ. ಮೂರು ಸ್ವರದ ಹಾರ್ನ್ ಪ್ರಕ್ಷಿಪ್ತ. ಮೂಟೆ ಹೆಚ್ಚು ಹಿಡಿಯಲೆಂದು ಪಕ್ಕಕ್ಕೆ ಏರಿಸಿದ ಹಲಗೆಗಳು ಪ್ರಕ್ಷಿಪ್ತ. ಅಲ್ಲಲ್ಲಿ ತಗಲಿಸಿದ್ದ ಹತ್ತೆಂಟು ಕಬ್ಬಿಣದ ತುಂಡುಗಳಂತೂ ಅಪಪಾಠಗಳೇ ಸರಿ. ಎಲ್ಲವನ್ನೂ ಬಿಚ್ಚಿಸಿದೆ. ಬಣ್ಣ ಕೆರೆಸಿದರೆ ಮೇಲೆ ಮಾವ ಈಚೆಗೆ ಬಳಿಸಿದ ನೀಲಿ, ಅದರಡಿ ಕೆಂಪು, ಅದಕ್ಕೂ ಅಡಿಯಲ್ಲಿ ಒಣಗಿದ ಕರಿಬೇವಿನ ಎಲೆಯಂಥ ಹಸಿರು. ನನ್ನ ನೆನಪಿನ ಗಾಡಿ ಕೆಂಪಾಗಿತ್ತು. ಆದರೆ ನೆನಪೆಂಬುದು ಆಧಾರವಲ್ಲ, ಪದರವೇ ಆಧಾರ ಎಂದು ವಿದ್ಯಾರ್ಥಿಗಳಿಗೆ ಹೇಳುವ ಧಾಟಿಯಲ್ಲಿ ಸಾಬರಿಗೂ ಹೇಳಿದೆ. ಅವರು ತಲೆಯಾಡಿಸಿ ಹಸಿರು ಡಬ್ಬಿ ತರಿಸಿದರು.

ಮುಂದಿನ ದೀಪದ ಹೊಳೆಯುವ ಬಳೆಯೊಂದು ಕಾಣೆಯಾಗಿತ್ತು. ಮಾವನ ಹಳೆಯ ಡ್ರೈವರ್ ಹನುಮಂತಪ್ಪ ಚನ್ನಗಿರಿಯಲ್ಲಿದ್ದಾನೆ, ಅವನಿಗೆ ಗೊತ್ತಿದ್ದೀತು ಎಂದು ನಮ್ಮೊಡನೆ ಹೊನ್ನಾಳಿಯಲ್ಲೇ ಇದ್ದ ಅವ್ವ ಹೇಳಿದರು. ಒಂದು ಭಾನುವಾರ ಹುಡುಕಿಕೊಂಡು ಹೋದೆ. ಹನುಮಂತಪ್ಪ ನನ್ನನ್ನು ಕೂರಿಸಿ, ಒಳಗೆ ಬೆರಳು ತೋರಿಸಿ ನಕ್ಕರು. ಅಡಿಗೆಮನೆಯ ಮೂಲೆಯಲ್ಲಿ ಆ ಬಳೆ ಕುಡಿಯುವ ನೀರಿನ ಮಣ್ಣಿನ ಕೊಡಕ್ಕೆ ಸಿಂಬೆಯಾಗಿ ಕೂತಿತ್ತು! ಬೇಡ ಬಿಡಿ ಎನ್ನುವಷ್ಟರಲ್ಲಿ ಅವರ ಹೆಂಡತಿ ಕೊಡವನ್ನು ಇಳಿಸಿ, ಬಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು ಕೈಗೆ ಕೊಟ್ಟರು. "ತವರಿಗೆ ಹೊಂಟೈತಲ್ಲಪ್ಪಾ, ಬರೀ ಹಣೇಲಿ ಕಳಿಸ್ಬಾರ್ದು" ಎಂದರು. ಕೊಡ ಅಷ್ಟರಲ್ಲಿ ಹುಲ್ಲಿನ ಸಿಂಬೆಯ ಮೇಲೆ ಏರಿ ಕೂತಿತ್ತು. ಅವರ ಮನೆಯಲ್ಲಿ ಉಂಡು, ಬಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಜಗತ್ತು ನನ್ನ ಗಾಡಿಗಾಗಿಯೇ ತನ್ನ ಬೀರು ತೆರೆದು ಕಾದಿದೆ ಎಂದು ಆ ದಿನ ನನಗೆ ಅನಿಸಿತು.

ಕೊನೆಗೂ ಗಾಡಿ ಸಿದ್ಧವಾಗಿ ನಮ್ಮ ಅಂಗಳಕ್ಕೆ ಬಂತು. ಮಾವನಿಗೆ ಬರಹೇಳಿದೆ. ಬೆಳಗಿನ ಬಸ್ಸಿಗೆ ಬಂದಿಳಿದರು. ನಾನು ಜಮಖಾನ ಹೊದಿಸಿದ್ದ ಗಾಡಿಯ ಮುಂದೆ ಅವರನ್ನು ನಿಲ್ಲಿಸಿ, ಸಭೆಯಲ್ಲಿ ಭಾವಚಿತ್ರ ಅನಾವರಣ ಮಾಡುವವರಂತೆ ಜಮಖಾನ ಸರಿಸಿದೆ. ಗಾಡಿ ಬಿಸಿಲಿಗೆ ಮಿಂಚಿತು. ಸಾಬರು ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಗಿರಿಜೆ, ಅವ್ವ ಬಾಗಿಲಲ್ಲಿ.

ಮಾವ ನಿಧಾನವಾಗಿ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಕೈಯಾಡಿಸಿದರು.

"ಚೆಂದೈತೆ. ಯಾರ್ದಿದು?" ಎಂದರು.

"ನಿಮ್ದೇ ಮಾವ."

"ನಂದು ಕೆಂಪು ಇತ್ತಲ್ಲೋ."

"ಅದು ಆಮೇಲೆ ಬಳಿದದ್ದು. ನೀವು ತಂದಾಗ ಇದ್ದದ್ದು ಇದೇ ಬಣ್ಣ."

"ಯಾರು ಹೇಳಿದ್ದು? ನನ್ನ ಕೈಗೆ ಬರಾಕಿಂತ ಮದ್ಲೇ ಇಬ್ರು ಓಡ್ಸಿ ಬಿಟ್ಟಿದ್ರು. ನಾನು ತಂದಾಗ್ಲೇ ಕೆಂಪಗಿತ್ತು. ಈ ಹಸ್ರು ನಾನು ಕಂಡೇ ಇಲ್ಲಪ್ಪ."

ವರ್ಷಗಟ್ಟಲೆ ದುಡಿದು ನಾನು ಮಾವನಿಗೆ ಒಪ್ಪಿಸುತ್ತಿದ್ದದ್ದು ಮಾವ ಎಂದೂ ನೋಡದ ಗಾಡಿಯನ್ನು. ಕವಿಯ ಮೂಲಪಾಠ ಸಿಕ್ಕಿತ್ತು, ಆದರೆ ಅದು ಯಾವ ಕವಿಯದೆಂದು ವಿಚಾರಿಸುವುದನ್ನೇ ನಾನು ಮರೆತಿದ್ದೆ. ಸಾಬರು ಆಕಾಶ ನೋಡಿದರು. ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವನ್ನು ಅಡಗಿಸುವ ಅವಳ ಮೂಲರೂಪ ಅದು.

ಮಾವ ಮಾತ್ರ ನಗಲಿಲ್ಲ. ಎಡಗಡೆಯ ಬಾಗಿಲ ಬಳಿ ಬಗ್ಗಿ ಏನನ್ನೋ ತಡಕಾಡುತ್ತಿದ್ದರು.

"ಇಲ್ಲೊಂದು ಮೆಟ್ಲಿತ್ತಲ್ಲ, ಏನು ಮಾಡ್ದೆ?"

"ಯಾವ ಮೆಟ್ಟಿಲು ಮಾವ?"

"ಕಬ್ಬಿಣದ್ದು. ನಿಮ್ಮವ್ವ ಹತ್ತಾಕೆ ಅಂತ ಮಾಡ್ಸಿದ್ದೆ." ಅವರು ನೆಟ್ಟಗೆ ನಿಂತು, ಅವ್ವನ ಕಡೆ ನೋಡದೆ, ಬಾಗಿಲಿಗೇ ಹೇಳುವಂತೆ ಹೇಳಿದರು. "ಚನ್ನಗಿರಿಯಿಂದ ಕರ್ಕಂಡು ಬರುವಾಗ ಇವಳು ಕೂಳು ನೀರು ಬಿಟ್ಟು ಸೊರಗಿದ್ಲು. ಕಾಲೆತ್ತಿ ಇಡಾಕೂ ಆಗ್ತಿರ್ಲಿಲ್ಲ. ಇಬ್ರು ಸೇರಿ ಮೂಟೆ ಎತ್ತಿದಂಗೆ ಎತ್ತಿ ಕುಂಡ್ರಿಸಿದ್ವಿ. ಊರು ಮುಟ್ಟೋತನ ಮುಖ ಮುಚ್ಕಂಡಿದ್ಲು. ಗಂಡ ಹೋದ ದುಃಖ ಒಂದು ಕಡೆ, ಬೀದಿ ಜನದ ಮುಂದೆ ಹಂಗೆ ಎತ್ತಿಸ್ಕಂಡಿದ್ದು ಒಂದು ಕಡೆ. ಊರಿಗೆ ಹೋದವ್ನೇ ಕುಲುಮೆಗೆ ಹೋಗಿ ಮೆಟ್ಲು ಮಾಡಿಸ್ದೆ. ಇನ್ಮೇಲೆ ಯಾರೂ ನನ್ನ ತಂಗಿನ ಮೂಟೆ ಮಾಡ್ಬಾರ್ದು ಅಂತ."

ಅವ್ವ ಮೆಲ್ಲಗೆ ಅಂಗಳಕ್ಕೆ ಇಳಿದು ಬಂದರು.

"ಅದು ಗಾಡಿ ಜೊತೆಗೇ ಬಂದಿದ್ದು ಅಂದ್ಕಂಡಿದ್ದೆ ಅಣ್ಣ" ಎಂದರು. "ಇಷ್ಟು ವರ್ಷ ಹತ್ತಿ ಇಳಿದೀನಿ. ಒಂದಿನಾನೂ ನೀನು ಹೇಳ್ಲಿಲ್ಲ."

"ಹೇಳಾದೇನೈತೆ? ಮೆಟ್ಲು ಇರಾದು ಹತ್ತಾಕೆ" ಎಂದರು ಮಾವ.

ನಾನು ಸಾಬರ ಮುಖ ನೋಡಿದೆ. ಅವರು ಏನೂ ಕೇಳದೆ ಸೈಕಲ್ ಹತ್ತಿ ಗ್ಯಾರೇಜಿಗೆ ಹೋದರು. ಅಪಪಾಠವೆಂದು ನಾನು ಬಿಚ್ಚಿಸಿದ್ದ ಮೆಟ್ಟಿಲು ಅಲ್ಲಿ ಅವರ ಬೆಂಚಿನ ಮುರಿದ ಕಾಲಿಗೆ ಆಸರೆಯಾಗಿತ್ತಂತೆ. ತಂದು, ಅಂಗಾತ ಮಲಗಿ, ಬೋಲ್ಟು ಬಿಗಿದು, ಎದ್ದು ನಿಂತು ಅದರ ಮೇಲೆ ತಾವೇ ಒಮ್ಮೆ ಕುಣಿದು ನೋಡಿದರು. ಮಿಂಚುವ ಹಸಿರಿನ ಕೆಳಗೆ ಆ ತುಕ್ಕಿನ ತುಂಡು ಹಳೆಯ ನೆಂಟನ ಹಾಗೆ ಕೂತಿತು. ಅವ್ವ ಚಪ್ಪಲಿ ಕಳಚಿಟ್ಟು, ಬಾಗಿಲು ಹಿಡಿದು, ಯಾರ ಕೈಯನ್ನೂ ಕೇಳದೆ ಹತ್ತಿ ಕೂತರು. ನನ್ನ ತಾಯಿಗೆ ಕೊಟ್ಟ ಮರ್ಯಾದೆಯನ್ನು ಒಬ್ಬ ಮನುಷ್ಯ ಇಷ್ಟು ವರ್ಷ ಅವಳ ಪಾದದಡಿ ಬಚ್ಚಿಟ್ಟಿದ್ದ.

"ನ್ಯಾಮತಿ ಕಡೆ ಒಂದು ಸುತ್ತು ಹೋಗಿಬರಾಣ" ಎಂದು ಮಾವ ಸ್ಟೇರಿಂಗ್ ಹಿಡಿದರು. ಮುಂದೆ ಅವ್ವ, ಗಿರಿಜೆ. ನನಗೆ ಜಾಗವಿಲ್ಲ, ಎಮ್ಮೆಯ ಸ್ಥಾನ ನನಗೆ ಬಂತು. ಹಿಂದೆ ನಿಂತು ಗಾಳಿಗೆ ಮುಖವೊಡ್ಡಿ ಹೊರಟೆ. ಗಾಡಿ ನಡುಗಿತು, ಗುನುಗಿತು, ಆಮೇಲೆ ಗದ್ದೆಗಳ ನಡುವೆ ಸೊಗಸಾಗಿ ಓಡಿತು. ಗೋವಿನಕೋವಿ ಕಡೆಯ ದಾರಿ ಕೂಡುವಲ್ಲಿ ಬಸ್ಸು ಬಾರದೆ ಕಾದಿದ್ದ ಜನ ಕೈಯೆತ್ತಿದರು. ನಾನು ಬೇಡ ಬೇಡವೆಂದು ಹಿಂದಿನಿಂದ ಗಾಡಿಯ ನೆತ್ತಿ ತಟ್ಟಿದೆ. ಮಾವ ಅದನ್ನು ನಿಲ್ಲಿಸೆಂಬ ಸಂಜ್ಞೆ ಎಂದು ತಿಳಿದು ನಿಲ್ಲಿಸಿದರು. ಮೆಣಸಿನಕಾಯಿ ಮೂಟೆ, ಪಿಕಾಸಿ, ಒಂದು ಮೇಕೆ ಎಲ್ಲವೂ ನನ್ನ ಹೊಸ ಬಣ್ಣದ ಮೇಲೆ ಏರಿದವು. ಪಿಕಾಸಿ ಎಳೆದಾಗ ಹಸಿರಿನ ಮೇಲೆ ಉದ್ದನೆಯ ಗೀರು ಬಿತ್ತು. ಎದೆ ಚುಳುಕ್ಕೆಂದಿತು. ಆದರೂ ವಿಚಿತ್ರವೆಂದರೆ, ಗಾಡಿ ಈಗ ಮಾವನದೆಂದು ಅನ್ನಿಸಿದ್ದು ಅದೇ ಮೊದಲು.

ಮೂಟೆಯ ಒಡತಿ, ವಯಸ್ಸಾದ ಹೆಂಗಸು, ಬಣ್ಣವನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಹೊಸಾ ಗಾಡಿ ಏನ್ರೀ? ಯಾವಾಗ ತಗಂಡ್ರಿ?"

"ಇವತ್ತು ಬೆಳಿಗ್ಗೆ" ಎಂದೆ.

"ಒಳ್ಳೇದಾಗ್ಲಿ ಬಿಡಪ್ಪಾ" ಎಂದು ಅವಳು ತುಸು ಸರಿದು ತನ್ನ ಮೂಟೆಯ ಮೇಲೆ ಜಾಗ ಮಾಡಿದಳು. "ಕುಂತ್ಕ. ಹಂಗೆ ನಿಂತ್ರೆ ಬೀಳ್ತೀಯ."

ಕೂತೆ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಕಾರಣ ಅದೊಂದೇ ಅಲ್ಲವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.