ಹೈಟೆನ್ಷನ್ ಲೈನೂ ನನ್ನ ತಲೆಯೊಳಗಿನ ಗಡ್ಡೆಯೂ

ಮೂರು ತಿಂಗಳು ಮುಟ್ಟು ನಿಂತಿತು. ಎದೆಯಲ್ಲಿ ಹಾಲು ಕಂಡಿತು. ಮದುವೆಯಾಗಿ ಐದು ವರ್ಷ ಕಾದಿದ್ದ ಮನೆ, ಇನ್ನೇನು ಬೇಕು? ಅತ್ತೆ ಮೆಟ್ಟೂರಿನ ನಮ್ಮ ಕ್ವಾರ್ಟರ್ಸ್‌ನಲ್ಲಿ ಬಾಗಿಲು ಬಾಗಿಲಿಗೂ ಹೋಗಿ ಸುದ್ದಿ ಹಂಚಿ ಬಂದರು. ನನಗೆ ಬಿಂದಿಗೆ ಎತ್ತಲೂ ಬಿಡಲಿಲ್ಲ. ತಲೆನೋವು ಮಾತ್ರ ಬಿಡುತ್ತಿರಲಿಲ್ಲ. ಬಸುರಿಗೆ ಅದೆಲ್ಲ ಇದ್ದದ್ದೇ ಎಂದು ನಾನೂ ಸುಮ್ಮನಿದ್ದೆ.

ಸೇಲಂನಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ಮಗು ಇರಲಿಲ್ಲ.

ಆಮೇಲೆ ರಕ್ತ ಪರೀಕ್ಷೆ, ತಲೆಯ ಸಿಟಿ ಸ್ಕ್ಯಾನ್. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಇದೆಯಂತೆ. ಅದರಲ್ಲಿ ಕಾಳುಮೆಣಸಿನಷ್ಟು ಗಡ್ಡೆ. ಹಾಲು ಬರಿಸುವ, ಮುಟ್ಟು ನಿಲ್ಲಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಅದೇ ಸುರಿಸುತ್ತಿತ್ತು. ಅಷ್ಟು ಚಿಕ್ಕದು ಇಡೀ ಮನೆಯನ್ನು ಏಮಾರಿಸಿತ್ತು. ಅಳುವುದಕ್ಕೆ ಮೊದಲು ನನಗೆ ನಾಚಿಕೆಯಾಯಿತು.

ನನ್ನ ಗಂಡ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್. ನಮ್ಮ ಮನೆಯ ಮೇಲೇ ಹೈಟೆನ್ಷನ್ ಲೈನ್ ಹಾದುಹೋಗುತ್ತದೆ. ಮಳೆ ಬಂದರೆ ಅದರ ಗುಂಯ್ ಸದ್ದು ಅಡಿಗೆಮನೆಗೂ ಕೇಳುತ್ತದೆ. ಇಂಥ ತಂತಿಯ ಕೆಳಗಿದ್ದರೆ ಮೆದುಳಿನ ಪೀನಿಯಲ್ ಗ್ರಂಥಿ ಕೆಡುತ್ತದೆ, ಹಾರ್ಮೋನ್ ಏರುಪೇರಾಗುತ್ತದೆ ಎಂದು ಅವರು ಯಾವುದೋ ತಮಿಳು ವಾರಪತ್ರಿಕೆಯಲ್ಲಿ ಓದಿದ್ದರು. ಆ ಹಾಳೆಯನ್ನು ಜೇಬಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಬಂದಿದ್ದರು.

"ನಾನೇ ನಿನ್ನ ಆ ಲೈನ್ ಕೆಳ್ಗೆ ತಂದು ಮಡಗ್ದೆ ಕಣಮ್ಮಿ," ಎಂದರು. ಅವರ ಕಣ್ಣು ತುಂಬಿತ್ತು.

ಡಾಕ್ಟರಮ್ಮ ಹಾಳೆಯನ್ನು ಪೂರ್ತಿ ಓದಿದರು. ಪೀನಿಯಲ್ ಬೇರೆ, ಪಿಟ್ಯುಟರಿ ಬೇರೆ ಎಂದರು. ಕರೆಂಟಿನಿಂದ ಮೈಗೆ ಏನಾಗುತ್ತದೆಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರಂತೆ. ಇಂಥ ಗಡ್ಡೆ ಲೈನಿನಿಂದಲೇ ಬರುತ್ತದೆಂದು ಯಾರೂ ತೋರಿಸಿಲ್ಲ. ಇಷ್ಟು ದೊಡ್ಡ ತಂತಿಯನ್ನೇ ಕಾಣದ ಏರ್ಕಾಡು ಬೆಟ್ಟದ ಕಾಫಿ ಎಸ್ಟೇಟ್ ಹೆಂಗಸರಿಗೂ ಇದು ಬರುತ್ತದೆ. "ಮಾತ್ತಿರೈ ಇರುಕ್ಕು, ಭಯಪ್ಪಡಾದೀಂಗ," ಮಾತ್ರೆ ಇದೆ, ಹೆದರಬೇಡಿ ಎಂದು ನನ್ನ ಕೈ ಹಿಡಿದರು.

ಮಗು ಆಗುತ್ತದಾ ಎಂದು ಕೇಳಿದೆ. ಮೊದಲು ಮುಟ್ಟು ಬರಲಿ ಎಂದರು.

ಊಟವಾದ ಮೇಲೆ ಅರ್ಧ ಮಾತ್ರೆ. ವಾಕರಿಕೆ. ಎದ್ದು ನಿಂತರೆ ತಲೆಸುತ್ತು. ಗಂಡ ಮಂಚವನ್ನು ಲೈನಿನಿಂದ ದೂರದ ಗೋಡೆಗೆ ಎಳೆದರು. ಹತ್ತಡಿಯಿಂದ ಏನಾದೀತು ಎಂದು ನಗು ಬಂತು, ಆದರೂ ಬೇಡ ಎನ್ನಲಿಲ್ಲ. ನಿಧಾನಕ್ಕೆ ಹಾಲು ನಿಂತಿತು, ತಲೆನೋವು ಇಳಿಯಿತು.

ಮಾತ್ರೆ ಶುರುವಾದ ಐದನೇ ತಿಂಗಳು, ಒಂದು ಬೆಳಿಗ್ಗೆ, ಮುಟ್ಟಾದೆ.

ಮಾತ್ರೆ ಇನ್ನೂ ನಡೆಯುತ್ತಿದೆ, ಮಗು ಇನ್ನೂ ಆಸೆಯಷ್ಟೇ. ಆದರೂ ಆ ಬೆಳಿಗ್ಗೆಯನ್ನು ಬರೆದಿಡಬೇಕು. ಮುಟ್ಟಿನ ದಿನಗಳಲ್ಲಿ ಅತ್ತೆ ನನ್ನ ಸೆರಗು ಸೋಕಿದರೂ ಸ್ನಾನ ಮಾಡುವವರು. ನಾನು ಹಿತ್ತಿಲ ಬಾಗಿಲಲ್ಲೇ ನಿಂತು ವಿಷಯ ಹೇಳಿದೆ. ಅವರು ಒಲೆ ಬಿಟ್ಟು ಓಡಿಬಂದು ನನ್ನನ್ನು ತಬ್ಬಿಕೊಂಡರು.

"ಅತ್ತೇ, ಮೈಲ್ಗೆ ಆಯ್ತದೆ," ಎಂದೆ.

"ಮೈಲ್ಗೆ ಮನೆ ಆಳಾಗ್ಲಿ! ಸುಮ್ಕೆ ನಿಂತ್ಕೊ ಮಗಾ," ಎಂದು ಅಳುತ್ತ ಇನ್ನೂ ಬಿಗಿಯಾಗಿ ಹಿಡಿದುಕೊಂಡರು.